ಸಿದ್ದಿ ಎಂಬ ಹೆಸರು: ಜನಾಂಗದ ಪರಿಕಲ್ಪನೆ ಮತ್ತು ಅಸ್ಮಿತೆಯ ಪ್ರಶ್ನೆ

ಕನ್ನಡದ ವಿದ್ವತ್ ಬರವಣಿಗೆಯಲ್ಲಿ 'ಜನಾಂಗ' ಎಂಬ ಪದದಷ್ಟು ಸಡಿಲವಾಗಿ ಬಳಕೆಯಾಗುವ ಪಾರಿಭಾಷಿಕ ಪದ ಬಹುಶಃ ಇನ್ನೊಂದಿಲ್ಲ. ಸಮಾಜಶಾಸ್ತ್ರದ ಪಠ್ಯಗಳು ಇಂಗ್ಲಿಷಿನ 'ರೇಸ್' ಎಂಬುದಕ್ಕೆ ಸಂವಾದಿಯಾಗಿ ಇದನ್ನು ಬಳಸುತ್ತವೆ. ವೃತ್ತಪತ್ರಿಕೆಗಳು ಇದೇ ಪದದಿಂದ ಒಂದು ಜಾತಿಯನ್ನು ಸೂಚಿಸುತ್ತವೆ. ಜಾನಪದ ವಿದ್ವಾಂಸರಿಗೆ ಇದು ಬುಡಕಟ್ಟು. ಸಂವಿಧಾನದ 15ನೆಯ ಅನುಚ್ಛೇದದ ಹಿಂದಿ ಪಾಠ 'ಮೂಲವಂಶ' ಎಂಬ ಪದವನ್ನು ಆಯ್ದುಕೊಂಡಿದೆ. 'ವರ್ಣ'ವನ್ನು ಬಳಸೋಣವೆಂದರೆ ಚಾತುರ್ವರ್ಣ್ಯದ ನೆರಳು ಅಡ್ಡಬರುತ್ತದೆ. ಈ ಸಡಿಲತೆಯನ್ನು ನಮ್ಮ ಪರಿಭಾಷೆಯ ದೋಷವೆಂದು ಹೇಳುವುದು ಸುಲಭ. ಆದರೆ ಹಳಿಯಾಳ, ಜೋಯಿಡಾ, ದಾಂಡೇಲಿ, ಮುಂಡಗೋಡ ಭಾಗದ ಸಿದ್ದಿಯರ ಸಂದರ್ಭದಲ್ಲಿ ನೋಡಿದರೆ, ಗೊಂದಲವಿರುವುದು ಪದದಲ್ಲಲ್ಲ, ಆ ಪದ ಸೂಚಿಸುತ್ತದೆಂದು ನಾವು ನಂಬಿರುವ ವಸ್ತುವಿನಲ್ಲಿಯೇ ಎಂಬುದು ಮನವರಿಕೆಯಾಗುತ್ತದೆ.

ಮನುಷ್ಯರನ್ನು ದೇಹಲಕ್ಷಣಗಳಿಂದ ವಿಂಗಡಿಸುವ ಕ್ರಮ ನಮ್ಮಲ್ಲಿಗೆ ವಸಾಹತು ಆಡಳಿತದೊಂದಿಗೆ ಬಂದಿತು. 1901ರ ಜನಗಣತಿಯ ಆಯುಕ್ತನಾಗಿದ್ದ ಹರ್ಬರ್ಟ್ ರಿಸ್ಲೆ ಮೂಗಿನ ಅಳತೆಗೂ ಜಾತಿಯ ಸ್ಥಾನಕ್ಕೂ ಸಂಬಂಧ ಕಲ್ಪಿಸಿದುದು ಇದರ ಪ್ರಸಿದ್ಧ ಉದಾಹರಣೆ. 1950ರಲ್ಲಿ ಯುನೆಸ್ಕೊ ಹೊರಡಿಸಿದ ಹೇಳಿಕೆ ಜನಾಂಗವನ್ನು ಜೈವಿಕ ಸಂಗತಿಗಿಂತ ಹೆಚ್ಚಾಗಿ ಸಾಮಾಜಿಕ ಮಿಥ್ಯೆಯೆಂದು ಪರಿಗಣಿಸಿತು. 1972ರಲ್ಲಿ ರಿಚರ್ಡ್ ಲೆವೊಂಟಿನ್, ಮಾನವರ ಆನುವಂಶಿಕ ವೈವಿಧ್ಯದ ಸುಮಾರು ಶೇ. 85ರಷ್ಟು ಯಾವುದೇ ಒಂದು ಸಮುದಾಯದ ಒಳಗೇ ಇರುತ್ತದೆಂದು ತೋರಿಸಿದ. ಇವು ಈಗ ಎಲ್ಲರಿಗೂ ತಿಳಿದ ಮಾತುಗಳು, ವಿಸ್ತರಿಸಬೇಕಾಗಿಲ್ಲ. ಮಿಥ್ಯೆಯೊಂದು ವ್ಯಕ್ತಿಯ ಬದುಕಿನಲ್ಲಿ ಸತ್ಯದಷ್ಟೇ ಬಲವಾಗಿ ಕೆಲಸ ಮಾಡುವುದು ಹೇಗೆಂಬುದು ಇಲ್ಲಿ ಮುಖ್ಯ.

ಸಿದ್ದಿಯರ ಪೂರ್ವಿಕರು ಆಫ್ರಿಕಾದಿಂದ ಬಂದವರು. ಪೋರ್ಚುಗೀಸರು ಗೋವೆಗೆ ಗುಲಾಮರಾಗಿ ತಂದವರಲ್ಲಿ ಹಲವರು ತಪ್ಪಿಸಿಕೊಂಡು, ಕೆಲವರು ಬಿಡುಗಡೆ ಹೊಂದಿ, ಘಟ್ಟದ ಕಾಡುಗಳಲ್ಲಿ ನೆಲೆಸಿದರೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಗೋವೆಯ ಗಡಿಗೆ ಅಂಟಿಕೊಂಡಿರುವ ಜೋಯಿಡಾದ ಕಾಡು ಇಂಥವರಿಗೆ ಸಹಜವಾದ ಆಸರೆ. ಆದರೆ ಇದೇ ಕರ್ನಾಟಕದ ಇನ್ನೊಂದು ಚರಿತ್ರೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಆದಿಲಶಾಹಿ ಬಿಜಾಪುರದಲ್ಲಿ ಹಬಶಿ ಮೂಲದ ಇಖ್ಲಾಸ್ ಖಾನ್ ರಾಜ್ಯದ ಅತ್ಯುನ್ನತ ಅಧಿಕಾರಿಗಳಲ್ಲೊಬ್ಬನಾಗಿದ್ದ. ಅಹಮದ್‌ನಗರದಲ್ಲಿ ಮಲಿಕ್ ಅಂಬರ್ ರಾಜ್ಯದ ಸೂತ್ರವನ್ನೇ ಹಿಡಿದಿದ್ದ. ಅದೇ ಮೈಬಣ್ಣ, ಅದೇ ಖಂಡ. ಒಂದೆಡೆ ಆಸ್ಥಾನ, ಇನ್ನೊಂದೆಡೆ ಜೀತ. ಬಣ್ಣ ತಾನಾಗಿ ಯಾವ ಅರ್ಥವನ್ನೂ ಹೊತ್ತುಕೊಂಡು ಬರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷ್ಯ ಬೇಕಿಲ್ಲ. 'ಸಿದ್ದಿ' ಎಂಬ ಹೆಸರನ್ನು ಅನೇಕ ವಿದ್ವಾಂಸರು ಅರಬಿಯ 'ಸಯ್ಯದಿ', ಅಂದರೆ 'ನನ್ನ ಒಡೆಯ', ಎಂಬ ಗೌರವವಾಚಕದಿಂದ ನಿಷ್ಪನ್ನಗೊಳಿಸುತ್ತಾರೆ. ಒಡೆಯನನ್ನು ಕರೆಯುವ ಪದ ಆಳಿನ ಹೆಸರಾಯಿತೆಂದರೆ, ಶಬ್ದಾರ್ಥದ ಪಲ್ಲಟವನ್ನು ಪಾಠಮಾಡುವವರಿಗೆ ಒಳ್ಳೆಯ ಉದಾಹರಣೆಯೇ ಸರಿ.

ಈ ಸಮುದಾಯದಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. ಯಲ್ಲಾಪುರ, ಅಂಕೋಲಾ ಕಡೆ ಹಿಂದೂಗಳು ಹೆಚ್ಚು. ಹಳಿಯಾಳ, ಮುಂಡಗೋಡಗಳಲ್ಲಿ ಕ್ರೈಸ್ತರೂ ಮುಸ್ಲಿಮರೂ ಗಣನೀಯವಾಗಿದ್ದಾರೆ. ಮನೆಮಾತು ಹೆಚ್ಚಾಗಿ ಕೊಂಕಣಿಯ ಒಂದು ಪ್ರಭೇದ, ಅದರಲ್ಲಿ ಮರಾಠಿ, ಕನ್ನಡಗಳ ಬೆರಕೆ. ಕೆಲವೆಡೆ ಉರ್ದು ಇದೆ, ಹೊರವ್ಯವಹಾರಕ್ಕೆ ಕನ್ನಡವಿದೆ. ಆಫ್ರಿಕಾದ ಯಾವ ಭಾಷೆಯೂ ಇಲ್ಲಿ ಆಡುಮಾತಾಗಿ ಉಳಿದಿಲ್ಲ. ಡಮಾಮಿ ಕುಣಿತ, ಹಿರಿಯರ ಪೂಜೆ, ಹೆಂಗಸರು ಹಳೆಯ ಬಟ್ಟೆಯ ತುಂಡುಗಳಿಂದ ಹೊಲಿಯುವ ಕೌದಿ ಇವುಗಳಲ್ಲಿ ಆಫ್ರಿಕಾದ ಉಳಿಕೆಗಳನ್ನು ಹುಡುಕುವ ಉತ್ಸಾಹ ಸಂಶೋಧಕರಲ್ಲಿದೆ. ಕೌದಿಯನ್ನು ಉತ್ತರ ಕರ್ನಾಟಕದ ಎಷ್ಟೋ ಸಮುದಾಯಗಳು ಹೊಲಿಯುತ್ತವೆ ಎಂಬುದು ಆ ಉತ್ಸಾಹದಲ್ಲಿ ಮರೆತುಹೋಗುವುದೂ ಉಂಟು!

ದೇಹದ ಮೇಲೆ ಹೊರಗಿನವರು ಅರ್ಥವನ್ನು ಹೇರುವ ಬಗೆಗೆ 1980ರ ದಶಕದ ಕ್ರೀಡಾ ಯೋಜನೆ ಉತ್ತಮ ನಿದರ್ಶನ. ಭಾರತೀಯ ಕ್ರೀಡಾ ಪ್ರಾಧಿಕಾರವು ತನ್ನ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆಯ್ದು ಓಟ, ಜಿಗಿತಗಳಲ್ಲಿ ತರಬೇತಿ ನೀಡಿತು. ಆಫ್ರಿಕಾ ಮೂಲದವರು ಹುಟ್ಟಿನಿಂದಲೇ ಓಟಗಾರರೆಂಬುದು ಅದರ ಹಿಂದಿನ ಗ್ರಹಿಕೆ. 1990ರ ದಶಕದ ಆರಂಭದಲ್ಲಿ ಅದು ನಿಂತುಹೋಯಿತು. ಕೆಲವರು ಪದಕಗಳನ್ನು ಗೆದ್ದರು, ಕೆಲವರಿಗೆ ನೌಕರಿ ಸಿಕ್ಕಿತು, ಅದನ್ನು ಅಲ್ಲಗಳೆಯಬಾರದು. ಆದರೆ ಶತಮಾನಗಳ ಕಾಲ ತಿರಸ್ಕಾರಕ್ಕೆ ಕಾರಣವಾದ ದೇಹವೇ ಒಂದು ದಶಕದ ಮಟ್ಟಿಗೆ ರಾಷ್ಟ್ರದ ಸಂಪನ್ಮೂಲವಾದುದು, ಮತ್ತೆ ಕಡೆಗಣಿಸಲ್ಪಟ್ಟುದು, ಇವೆರಡೂ ಒಂದೇ ತರ್ಕದಿಂದ ನಡೆದವು. ಎರಡರಲ್ಲಿಯೂ ವ್ಯಕ್ತಿಗೆ ಮುಂಚೆ ಮೂಲ ಬಂದು ನಿಲ್ಲುತ್ತದೆ.

2011ರಲ್ಲಿ ಪ್ರಕಟವಾದ ಆನುವಂಶಿಕ ಅಧ್ಯಯನಗಳು ಭಾರತದ ಸಿದ್ದಿಯರಲ್ಲಿ ಬಂಟು ಭಾಷಿಕ ಆಫ್ರಿಕನ್ನರ ಅಂಶ ಪ್ರಧಾನವಾಗಿದ್ದು, ಜೊತೆಗೆ ಭಾರತೀಯ ಮತ್ತು ಯುರೋಪಿಯನ್ ಅಂಶಗಳೂ ಬೆರೆತಿವೆಯೆಂದು ತೋರಿಸಿದವು. ಇದರಿಂದ ಜನಾಂಗದ ಪರಿಕಲ್ಪನೆಗೆ ಬಲ ಬಂದಂತಲ್ಲವೇ ಎಂದು ಕೇಳಬಹುದು. ವಂಶಾವಳಿ ಬೇರೆ, ಜನಾಂಗ ಬೇರೆ. ಪೂರ್ವಿಕರು ಎಲ್ಲಿಂದ ಬಂದರೆಂಬುದನ್ನು ವಂಶಾವಳಿ ಹೇಳುತ್ತದೆ; ಅದರಿಂದ ಇವರು ಎಂಥವರೆಂಬ ತೀರ್ಪನ್ನು ಜನಾಂಗ ಹೇಳಹೊರಡುತ್ತದೆ. ಮೊದಲನೆಯದಕ್ಕೆ ಪುರಾವೆಯುಂಟು, ಎರಡನೆಯದಕ್ಕೆ ಕೇವಲ ರೂಢಿ.

ಪ್ರಭುತ್ವದ ವರ್ಗೀಕರಣದ ಕಥೆ ಇನ್ನೂ ಕುತೂಹಲಕರ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿಯರು 2003ರ ಜನವರಿಯಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಪರಿಶಿಷ್ಟ ಜಾತಿಯ 1950ರ ಆದೇಶವು ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ ಅನ್ವಯಿಸುತ್ತದೆ. ಪಂಗಡದ ಪಟ್ಟಿಗೆ ಧರ್ಮದ ಈ ಎಲ್ಲೆಯಿಲ್ಲ. ಮೂರು ಧರ್ಮದ ಸಿದ್ದಿಯರು ಕಾನೂನಿನ ದೃಷ್ಟಿಯಲ್ಲಿ ಒಂದೇ ಸಮುದಾಯವಾಗಲು ಸಾಧ್ಯವಾದದ್ದು ಇದರಿಂದ. ಪಂಗಡವನ್ನು ಗುರುತಿಸಲು 1965ರ ಲೋಕುರ್ ಸಮಿತಿ ಹೇಳಿದ ಮಾನದಂಡಗಳಾದರೂ ಆದಿಮ ಲಕ್ಷಣ, ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಗಿನವರೊಡನೆ ಬೆರೆಯುವ ಸಂಕೋಚ, ಹಿಂದುಳಿದಿರುವಿಕೆ. ಇವುಗಳಲ್ಲಿ ರಕ್ತದ ಮಾತಿಲ್ಲ. ಹಕ್ಕು ಪಡೆಯಲು ಮಾತ್ರ ತಾನು 'ಆದಿಮ'ನೆಂದು ಒಪ್ಪಿಕೊಳ್ಳಬೇಕು.

ಗಡಿಗಳ ವಿಚಾರವನ್ನು ನೋಡಿ. 2003ರ ಪಟ್ಟಿಯಲ್ಲಿ 'ಉತ್ತರ ಕನ್ನಡ ಜಿಲ್ಲೆಯಲ್ಲಿ' ಎಂಬ ಆವರಣವಿತ್ತು. ಹಳಿಯಾಳದ ಸಿದ್ದಿ ಪಂಗಡದವನಾದರೆ, ಪಕ್ಕದ ಕಲಘಟಗಿಯಲ್ಲೋ ಖಾನಾಪುರದಲ್ಲೋ ಇದ್ದ ಅವನ ನೆಂಟ ಪಂಗಡದವನಲ್ಲ. ಧಾರವಾಡ, ಬೆಳಗಾವಿ ಜಿಲ್ಲೆಗಳನ್ನು ಸೇರಿಸಿ ಇದನ್ನು ಸರಿಪಡಿಸಿದ್ದು 2020ರ ತಿದ್ದುಪಡಿ. ಹದಿನೇಳು ವರ್ಷ ಒಂದೇ ಕುಟುಂಬದ ಅಸ್ಮಿತೆಯನ್ನು ಜಿಲ್ಲೆಯ ಗಡಿಕಲ್ಲು ನಿರ್ಧರಿಸಿತು. 2003ರ ಅದೇ ಕಾಯ್ದೆ ಗೋವೆಯ ಕುಣಬಿಯರನ್ನು ಪಂಗಡವೆಂದು ಸೇರಿಸಿತು; ಗಡಿಯ ಈಚೆಗಿನ ಜೋಯಿಡಾದ ಕುಣಬಿಯರನ್ನು ಸೇರಿಸಲಿಲ್ಲ.

ವೈಯಕ್ತಿಕ ಅಸ್ಮಿತೆ ರೂಪುಗೊಳ್ಳುವುದು ಇಂಥ ಹೇರಿಕೆಗಳ ನಡುವೆ. ಮುಂಡಗೋಡದಲ್ಲಿ 1966ರಿಂದ ಟಿಬೆಟಿಯನ್ನರ ವಸತಿಯಿದೆ. 'ಯಾವ ದೇಶ?' ಎಂಬ ಪ್ರಶ್ನೆಗೆ ಅವರಲ್ಲಿ ಒಂದು ಉತ್ತರವಾದರೂ ಇದೆ. ಹತ್ತಾರು ತಲೆಮಾರು ಇಲ್ಲಿಯೇ ಕಳೆದ ಸಿದ್ದಿಗೆ ಘಟ್ಟ ದಾಟಿ ನಗರಕ್ಕೆ ಹೋದೊಡನೆ ಅದೇ ಪ್ರಶ್ನೆ ಎದುರಾಗುತ್ತದೆ. ಅವನ ಕನ್ನಡ ಕೇಳಿ ಜನ ಬೆರಗಾಗುತ್ತಾರೆ. ಆ ಬೆರಗೇ ಅವಮಾನ. 2016ರ ಜನವರಿಯಲ್ಲಿ ಬೆಂಗಳೂರಿನ ಹೆಸರಘಟ್ಟದ ಬಳಿ ಸುಡಾನಿನ ವಿದ್ಯಾರ್ಥಿಯ ಕಾರಿನಿಂದಾದ ಅಪಘಾತಕ್ಕೆ ಜನರ ಗುಂಪು, ಆಮೇಲೆ ಅಲ್ಲಿಗೆ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಹಲ್ಲೆ ನಡೆಸಿತು. ಒಬ್ಬರ ತಪ್ಪಿಗೆ ಇನ್ನೊಬ್ಬರ ಮೈ ಹೊಣೆಯಾಗುವುದೆಂದರೆ ಇದೇ. ಇಂಥ ನಗರದಲ್ಲಿ ಸಿದ್ದಿ ಯುವಕನ ಕಿಸೆಯ ಗುರುತಿನ ಚೀಟಿ ಬರಿಯ ಕಾಗದವಲ್ಲ.

ಇದಕ್ಕೆ ಸಮುದಾಯ ಕೊಟ್ಟಿರುವ ಉತ್ತರ ಹೆಸರಿನಲ್ಲಿದೆ. ಧರ್ಮ ಯಾವುದೇ ಇರಲಿ, 'ಸಿದ್ದಿ' ಎಂಬುದನ್ನು ಹೆಸರಿನ ಕೊನೆಗೆ ಸೇರಿಸಿಕೊಳ್ಳುವ ರೂಢಿ ಬೆಳೆದಿದೆ. ಹೀಯಾಳಿಕೆಗೆ ಬಳಕೆಯಾಗುತ್ತಿದ್ದ ಪದವನ್ನು ಶಾಲೆಯ ಹಾಜರಿಯಲ್ಲಿ, ರಂಗಭೂಮಿಯ ಕರಪತ್ರದಲ್ಲಿ ತಾವಾಗಿ ಬರೆಸಿದ್ದಾರೆ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡಾಗ ಆ ಹೆಸರು ಸದನದ ಕಡತಕ್ಕೂ ಬಂದಿತು. ಜನಾಂಗ ನಿರ್ಮಿತಿಯೆಂದಾದರೆ ಈ ಅಸ್ಮಿತೆಯೂ ನಿರ್ಮಿತಿಯೇ, ಸಂದೇಹವಿಲ್ಲ. ಆದರೆ ನಿರ್ಮಿಸಿದವರು ಬೇರೆ. ಈ ವ್ಯತ್ಯಾಸವನ್ನು ಕಾಣದೆ ಎರಡನ್ನೂ 'ಕಲ್ಪಿತ' ಎಂದು ತಳ್ಳಿಹಾಕುವುದು ಪಂಡಿತರಿಗೆ ಮಾತ್ರ ಸಾಧ್ಯವಾಗುವ ನಿರ್ದಯತೆ.

ಕನ್ನಡದಲ್ಲಿ ಸಿದ್ದಿಯರನ್ನು ಕುರಿತ ಅನೇಕ ಪರಿಚಯ ಬರಹಗಳು ಇಂದಿಗೂ ಗುಂಗುರು ಕೂದಲು, ದಪ್ಪ ತುಟಿ, ಕಪ್ಪು ಮೈಬಣ್ಣಗಳ ವಿವರದಿಂದ ಆರಂಭವಾಗುತ್ತವೆ. ಭಾಷೆ, ಭೂಮಿ, ಕೂಲಿಯ ಮಾತು ಆಮೇಲೆ ಬರುತ್ತದೆ. ಹವ್ಯಕರನ್ನೋ ಲಿಂಗಾಯತರನ್ನೋ ಕುರಿತು ಬರೆಯುವಾಗ ನಮ್ಮಲ್ಲಿ ಯಾರೂ ಮೂಗಿನಿಂದ ಆರಂಭಿಸುವುದಿಲ್ಲ.