ಬಾಲ್ಸಾ ರೆಕ್ಕೆಯ ಎಳೆ ಎತ್ತ ಸಾಗಬೇಕು?

ಪ್ರಶ್ನೆ: ಮಾದರಿ ರಾಕೆಟ್ಟಿನ ಬಾಲ್ಸಾ ರೆಕ್ಕೆ ಬೇಗ ಮುರಿಯುತ್ತದೆ. ಗಟ್ಟಿ ಮರವನ್ನೇ ಬಳಸಬಾರದೇಕೆ?

ಉತ್ತರ: ಮರ ಬದಲಿಸುವ ಮೊದಲು ಎಳೆಯ ದಿಕ್ಕು ನೋಡಿ. ಹೆಚ್ಚಾಗಿ ಈಕ್ವೆಡಾರಿನಿಂದ ಬರುವ ಬಾಲ್ಸಾ ಕೆಲವೇ ವರ್ಷಗಳಲ್ಲಿ ಎತ್ತರಕ್ಕೆ ಬೆಳೆಯುವ ಮರ. ಅದರ ಕೋಶಗಳು ದೊಡ್ಡವು, ಗೋಡೆಗಳು ತೆಳು. ಒಣಗಿದ ಮೇಲೆ ಒಳಗೆಲ್ಲ ಗಾಳಿಯೇ. ಒಂದು ಘನ ಮೀಟರ್ ಬಾಲ್ಸಾ ಸುಮಾರು 160 ಕಿಲೋ ತೂಗಿದರೆ ತೇಗ 650ರ ಆಸುಪಾಸು. ಈ ಕೋಶಗಳು ಕಾಂಡದ ಉದ್ದಕ್ಕೂ ಜೋಡಿಸಿಟ್ಟ ಕೊಳವೆಗಳಂತಿರುವುದರಿಂದ, ಎಳೆಯ ಉದ್ದಕ್ಕೆ ಹಲಗೆ ಬಲವನ್ನು ತಡೆದುಕೊಳ್ಳುತ್ತದೆ, ಅಡ್ಡಕ್ಕೆ ಲಟಕ್ಕನೆ ಸೀಳುತ್ತದೆ. ಹಲಗೆಯನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಬಾಗಿಸಿದರೆ ಇದು ಬೆರಳಿಗೇ ಗೊತ್ತಾಗುತ್ತದೆ. ಆದ್ದರಿಂದ ಎಳೆಗಳು ರಾಕೆಟ್ಟಿನ ಮೈಯಿಂದ ಹೊರಕ್ಕೆ, ರೆಕ್ಕೆಯ ಮುಂದಿನ ಅಂಚಿಗೆ ಸಮಾನಾಂತರವಾಗಿ ಸಾಗಬೇಕು. ಮೈಯುದ್ದಕ್ಕೆ ಸಾಗಿದ್ದರೆ ಎಂಥ ಅಂಟು ಹಾಕಿದರೂ ಬುಡದ ಪಕ್ಕದಲ್ಲೇ ಮುರಿತ.

ಪ್ಲೈವುಡ್ ಇನ್ನೂ ಗಟ್ಟಿಯಲ್ಲವೇ ಎನ್ನಬಹುದು. ನಿಜ, ದೊಡ್ಡ ವೇಗದ ರಾಕೆಟ್ಟುಗಳಿಗೆ ಅದೇ ಸರಿ. ಆದರೆ ಬಾಲದಲ್ಲಿ ತೂಕ ಏರಿದಷ್ಟೂ ಗುರುತ್ವಕೇಂದ್ರ ಹಿಂದಕ್ಕೆ ಸರಿಯುತ್ತದೆ. ಗಾಳಿಯ ಒತ್ತಡದ ಕೇಂದ್ರಕ್ಕಿಂತ ಅದು ಮುಂದಿರದಿದ್ದರೆ ರಾಕೆಟ್ ನೆಟ್ಟಗೆ ಏರದೆ ಪಲ್ಟಿ ಹೊಡೆಯುತ್ತದೆ. ಅದನ್ನು ಸರಿದೂಗಿಸಲು ಮೂತಿಗೆ ಭಾರ ತುಂಬಿದರೆ, ಚಿಕ್ಕ ಎಂಜಿನ್ ಹೊರಬೇಕಾದ ಹೊರೆ ಇನ್ನಷ್ಟು ಹೆಚ್ಚುತ್ತದೆ.