ಬಾಯಿಯ ಒಂದು ದೀರ್ಘವ್ಯಾಧಿಯೂ ಅದರ ಲೇಪನಗಳೂ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ನಾಲ್ವತ್ತನ್ನೂ ಐವತ್ತನ್ನೂ ದಾಟಿದ ಗೃಹಿಣಿಯರಾಗಿದ್ದಾರೆ. ಆ ಪ್ರಾಯದ ಸ್ತ್ರೀಯರಲ್ಲಿ ಹೆಚ್ಚಾಗಿ ಕಾಣುವ ಒಂದು ಬಾಯಿಬೇನೆಯ ವಿಷಯವಾಗಿ ಇಲ್ಲಿ ಕೆಲವು ಮಾತುಗಳನ್ನು ಬರೆಯುವುದು ಉಚಿತವೆಂದು ನಾವು ಭಾವಿಸುತ್ತೇವೆ. ಇದಕ್ಕೆ ಲೈಕೆನ್ ಪ್ಲೇನಸ್ ಎಂಬ ಹೆಸರನ್ನು 1869ರಲ್ಲಿ ಇಂಗ್ಲೆಂಡಿನ ಇರಾಸ್ಮಸ್ ವಿಲ್ಸನ್ ಎಂಬ ವೈದ್ಯರು ಕೊಟ್ಟರು. ಕೆನ್ನೆಯ ಒಳಮೈಯಲ್ಲಿ ಜೇಡರ ಬಲೆಯಂತೆ ಬಿಳಿಯ ಗೆರೆಗಳು ಮೂಡುತ್ತವೆ. ಕೆಲವರಲ್ಲಿ ಆ ಸ್ಥಳವು ಕೆಂಪಾಗಿ ಸುಲಿದು, ಸಾರು ತಾಕಿದರೂ ಉರಿಯುತ್ತದೆ. ದೇಹವನ್ನು ಕಾಯಬೇಕಾದ ಬಿಳಿಯ ರಕ್ತಕಣಗಳೇ ಬಾಯಿಯ ಒಳಪೊರೆಯ ಮೇಲೆ ತಿರುಗಿಬೀಳುವುದರಿಂದ ಹೀಗಾಗುತ್ತದೆ. ಇದು ಅಂಟುರೋಗವಲ್ಲ. ಇಂಥವರಿಗೆಂದು ಲೋಟ ತಟ್ಟೆಗಳನ್ನು ಬೇರೆಯಾಗಿಡುವ ಮನೆಯವರು ಅವರ ನೋವಿಗೆ ಮತ್ತೊಂದು ನೋವನ್ನು ಕೂಡಿಸುತ್ತಾರೆ, ಅಷ್ಟೇ.

ರೋಗವನ್ನು ಬೇರುಸಹಿತ ಕೀಳುವ ಔಷಧವು ಇನ್ನೂ ದೊರೆತಿಲ್ಲ. ಉರಿಯಿಲ್ಲದ ಬರಿಯ ಗೆರೆಗಳಿಗೆ ಔಷಧವೂ ಬೇಡ. ಉರಿಯುಳ್ಳವರಿಗೆ ವೈದ್ಯರು ಮೊದಲು ಕೊಡುವುದು ಸ್ಟೀರಾಯ್ಡ್ ಲೇಪನವನ್ನೇ. ಇವುಗಳಲ್ಲಿ ಟ್ರಯಾಮ್ಸಿನೊಲೋನ್ ಸೌಮ್ಯವಾದುದು, ಕ್ಲೊಬೆಟಾಸೋಲ್ ಬಹಳ ಪ್ರಬಲವಾದುದು. ಆದರೆ ಔಷಧದ ಬಲಕ್ಕಿಂತ ಅದು ಸ್ಥಳದಲ್ಲಿ ನಿಲ್ಲುವುದೇ ಮುಖ್ಯವೆಂದು ನಮಗೆ ತೋರುತ್ತದೆ. ಎಂಜಲಿನಿಂದ ಒದ್ದೆಯಾದ ಕೆನ್ನೆಗೆ ಹಚ್ಚಿದ ಮುಲಾಮು ಗಳಿಗೆಯೊಳಗೆ ಗಂಟಲಿಗಿಳಿಯುತ್ತದೆ. ಆಗ ಅನೇಕರು ಔಷಧವನ್ನೇ ದೂರುತ್ತಾರೆ. ಊಟವಾದ ಮೇಲೆಯೂ ಮಲಗುವಾಗಲೂ ಆ ಸ್ಥಳವನ್ನು ಶುಭ್ರವಾದ ಬಟ್ಟೆಯಿಂದ ಮೆಲ್ಲನೆ ಒತ್ತಿ ಒರಸಿ, ತೆಳ್ಳಗೆ ಹಚ್ಚಿ, ಅರ್ಧ ಗಂಟೆಯವರೆಗೆ ನೀರನ್ನೂ ಕುಡಿಯದಿರಬೇಕು. ಬೇನೆಯು ಬಾಯಿತುಂಬ ಹರಡಿದ್ದರೆ ಬೆರಳಿನಿಂದ ಹಚ್ಚುವುದು ಸಾಗದು. ಸ್ಟೀರಾಯ್ಡನ್ನು ನೀರಿನಲ್ಲಿ ಕರಗಿಸಿ ಮುಕ್ಕಳಿಸಿ ಉಗುಳುವುದೇ ಮೇಲು. ಎರಡರಿಂದಲೂ ಬಾಯಿಯಲ್ಲಿ ಬಿಳಿಯ ಬೂಷ್ಟಿನ ಸೋಂಕು ಬರುವುದುಂಟು. ಅದನ್ನು ರೋಗವೇ ಹೆಚ್ಚಿತೆಂದು ತಿಳಿದು ಇನ್ನಷ್ಟು ಮುಲಾಮು ಹಚ್ಚುವುದು ತಪ್ಪು.

ಸ್ಟೀರಾಯ್ಡಿಗೆ ಬಗ್ಗದವರಿಗೆ ಟ್ಯಾಕ್ರೊಲಿಮಸ್ ಲೇಪನವುಂಟು. ಹಚ್ಚಿದ ಮೊದಲ ದಿನಗಳಲ್ಲಿ ಇದೇ ಉರಿಯನ್ನುಂಟುಮಾಡುತ್ತದೆ. ನಿಲ್ಲಿಸಿದ ಕೆಲವು ವಾರಗಳಲ್ಲಿ ಬೇನೆಯು ಮರುಕಳಿಸುವುದು ಸಾಮಾನ್ಯ. 2006ರಲ್ಲಿ ಅಮೆರಿಕಾ ಸರಕಾರದ ಔಷಧ ಇಲಾಖೆಯು ಕ್ಯಾನ್ಸರಿನ ಶಂಕೆಯಿಂದ ಇದರ ಮೇಲೆ ಎಚ್ಚರಿಕೆಯ ಮಾತನ್ನು ಅಚ್ಚುಮಾಡಿಸಿತು. 2020ರಲ್ಲಿ ಕಾಕ್ರೇನ್ ಎಂಬ ಸಂಸ್ಥೆಯು ಪ್ರಯೋಗಗಳನ್ನೆಲ್ಲ ತೂಗಿನೋಡಿ, ನೋವನ್ನು ಕಳೆಯುವುದರಲ್ಲಿ ಟ್ಯಾಕ್ರೊಲಿಮಸ್ ಸ್ಟೀರಾಯ್ಡಿಗಿಂತ ಮೇಲಿರಬಹುದಾದರೂ ಇದಕ್ಕೆ ಆಧಾರವು ಬಹು ದುರ್ಬಲವೆಂದು ಹೇಳಿತು. ಆದುದರಿಂದ ಇದನ್ನು ಎರಡನೆಯ ಸ್ಥಾನದಲ್ಲಿಡುವುದೇ ವಿವೇಕ. ಸೈಕ್ಲೊಸ್ಪೊರಿನ್ ದುಬಾರಿ, ರುಚಿಯೂ ಕೆಟ್ಟದ್ದು. ಲೋಳೆಸರದ ತಿರುಳಿನಿಂದ ಸ್ವಲ್ಪ ತಂಪು ದೊರೆತೀತು. ಸುಲಿದ ಬಾಯಿಗೆ ಸುಣ್ಣ ಹಚ್ಚಿದ ಎಲೆಯಡಿಕೆಯನ್ನು ಹಾಕಿಕೊಳ್ಳುವುದು ಮಾತ್ರ ಯಾವ ಲೇಪನದ ಗುಣವನ್ನೂ ಕೆಡಿಸುವುದು.

ಉರಿ ಶಮನವಾದೊಡನೆ ವೈದ್ಯರ ಬಳಿಗೆ ಹೋಗುವುದನ್ನು ಬಿಡುವವರೇ ಬಹಳ. ನೂರು ಮಂದಿ ರೋಗಿಗಳಲ್ಲಿ ಸುಮಾರು ಒಬ್ಬರಿಗೆ, ಅನೇಕ ವರ್ಷಗಳ ತರುವಾಯ, ಆ ಸ್ಥಳದಲ್ಲಿ ಕ್ಯಾನ್ಸರು ತಲೆದೋರಬಹುದು. ಅದನ್ನು ತಡೆಯುವುದೆಂದು ಯಾವ ಲೇಪನದ ವಿಷಯದಲ್ಲಿಯೂ ಸಿದ್ಧವಾಗಿಲ್ಲ. ಗಟ್ಟಿಯಾದ ಗಂಟಾಗಲಿ ಮೂರು ವಾರಗಳಲ್ಲಿ ಮಾಯದ ಹುಣ್ಣಾಗಲಿ ಕಂಡರೆ ದಂತವೈದ್ಯರಿಗೆ ತೋರಿಸಿರಿ. ಅವರು ಸಾಸಿವೆಯಷ್ಟು ಚೂರನ್ನು ತೆಗೆದು ಪರೀಕ್ಷೆಗೆ ಕಳುಹಿಸುವರು. ಆ ಸ್ಥಳವನ್ನು ಮೊದಲೇ ಮರಗಟ್ಟಿಸುವುದರಿಂದ ಸೂಜಿಯ ಚುಚ್ಚುವಿಕೆಗಿಂತ ಹೆಚ್ಚಿನ ನೋವು ಇರುವುದಿಲ್ಲ.