ಫಿರಂಗಿ ನೆಲೆಯಲ್ಲಿ ಮರಕುಟಿಗ: ಫೋರ್ಟ್ ಬ್ರ್ಯಾಗ್‌ನ ಅನುಭವ

ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಫೋರ್ಟ್ ಬ್ರ್ಯಾಗ್ 1918ರಲ್ಲಿ ಫಿರಂಗಿದಳದ ತರಬೇತಿಗೆಂದು ಸ್ಥಾಪಿತವಾದ ಸೇನಾನೆಲೆ. ಆ ದೇಶದ ಆಗ್ನೇಯ ಭಾಗದಲ್ಲಿ ಒಂದು ಕಾಲಕ್ಕೆ ಸುಮಾರು 9 ಕೋಟಿ ಎಕರೆಗಳಷ್ಟು ಹಬ್ಬಿದ್ದ ಲಾಂಗ್‌ಲೀಫ್ ಪೈನ್ ಕಾಡು ಮರಕಡಿತ, ಬೇಸಾಯ ಹಾಗೂ ಕಾಡ್ಗಿಚ್ಚಿನ ನಿಗ್ರಹದಿಂದ ಬಹುಮಟ್ಟಿಗೆ ನಾಶವಾಯಿತು. ಈ ಕಾಡಿಗೆ ಬೆಂಕಿಯೇ ಆಧಾರ. ನೆಲಮಟ್ಟದ ಕಿಚ್ಚು ಆಗಾಗ ಹಾಯದಿದ್ದರೆ ಓಕ್ ಮುಂತಾದ ಮರಗಳು ದಟ್ಟವಾಗಿ ಬೆಳೆದು ಪೈನ್ ಸಸಿಗಳಿಗೆ ಬೆಳಕು ದಕ್ಕದು. ಸೇನಾನೆಲೆಯಲ್ಲಿ ಗುಂಡುಗಳು ಹೊತ್ತಿಸಿದ ಬೆಂಕಿ ಸಿಡಿಲಿನ ಕೆಲಸವನ್ನು ಮಾಡಿತು. ಇದು ಆಕಸ್ಮಿಕವೇ ಹೊರತು ಸಂರಕ್ಷಣೆಯಲ್ಲ.

ಈ ಕಾಡನ್ನೇ ಅವಲಂಬಿಸಿದ ರೆಡ್-ಕಾಕೇಡೆಡ್ ಮರಕುಟಿಗವು ಜೀವಂತ ಪೈನ್ ಮರದಲ್ಲಿ ಪೊಟರೆ ಕೊರೆಯುತ್ತದೆ. ಶಿಲೀಂಧ್ರ ತಗುಲಿ ತಿರುಳು ಮೆತ್ತಗಾದ ಹಳೆಯ ಮರಗಳೇ ಅದಕ್ಕೆ ಬೇಕು. ಆದರೂ ಒಂದು ಪೊಟರೆಗೆ ವರ್ಷಗಳೇ ಹಿಡಿಯುತ್ತವೆ. ಪೊಟರೆಯ ಸುತ್ತ ತೊಗಟೆಯನ್ನು ಕುಕ್ಕಿ ಅದು ಹರಿಸುವ ರಾಳ ಮರವೇರುವ ಹಾವುಗಳನ್ನು ತಡೆಯುತ್ತದೆ. 1970ರಲ್ಲಿಯೇ ಅಳಿವಿನಂಚಿನ ಪಟ್ಟಿಗೆ ಸೇರಿದ್ದ ಈ ಹಕ್ಕಿಯ ಉಳಿವಿಗೆ ಸೇನೆಯ ಚಟುವಟಿಕೆಯಿಂದ ಅಪಾಯವಿದೆಯೆಂದು 1990ರಲ್ಲಿ ಕೇಂದ್ರ ವನ್ಯಜೀವಿ ಇಲಾಖೆಯು ಅಭಿಪ್ರಾಯ ನೀಡಿತು. ಗೂಡುಮರಗಳ ಸುತ್ತ ತರಬೇತಿಗೆ ನಿರ್ಬಂಧ ಬಂತು. ಸೇನೆಗೆ ಇದು ಸಹ್ಯವಾಗಲಿಲ್ಲವೆಂಬುದು ಸಹಜ.

ಪರಿಹಾರವು ನೆಲೆಯ ಬೇಲಿಯಾಚೆಯೂ ದೊರೆಯಿತು. 1995ರಿಂದ ಸೇನೆಯು ನೇಚರ್ ಕನ್ಸರ್ವೆನ್ಸಿ ಸಂಸ್ಥೆಯೊಡನೆ ಸೇರಿ ನೆರೆಯ ಖಾಸಗಿ ಭೂಮಿಯಲ್ಲಿ ಆವಾಸವನ್ನು ಕಾಯ್ದಿರಿಸತೊಡಗಿತು. ನಿಯಂತ್ರಿತ ದಹನ, ಕೃತಕ ಪೊಟರೆಗಳೂ ನೆರವಾದವು. 2006ರಲ್ಲಿ ಇಲ್ಲಿಯ ಮರಕುಟಿಗಗಳ ಸಂಖ್ಯೆ ಚೇತರಿಕೆಯ ಗುರಿಯನ್ನು ಮುಟ್ಟಿತು, ನಿರ್ಬಂಧಗಳೂ ಸಡಿಲಗೊಂಡವು. 2024ರಲ್ಲಿ ಪ್ರಭೇದವನ್ನು 'ಅಳಿವಿನಂಚಿನ' ವರ್ಗದಿಂದ 'ಅಪಾಯಕ್ಕೊಳಗಾದ' ವರ್ಗಕ್ಕೆ ಇಳಿಸಲಾಯಿತು. ದಹನವನ್ನು ನಿಲ್ಲಿಸಿದಲ್ಲಿ ಓಕ್ ಮತ್ತೆ ತಲೆಯೆತ್ತುತ್ತದೆ.